ಬಾಹ್ಯಾಕಾಶಕ್ಕೆ ಹೋಗಿಬಂದ ಬೀಜ: ಮೊಳಕೆ ಪ್ರಮಾಣಕ್ಕೆ ಸಿಗದ ಸಂಗತಿಗಳು

1984ರ ಏಪ್ರಿಲ್‌ನಲ್ಲಿ ಚಾಲೆಂಜರ್ ನೌಕೆ ಎಲ್‌ಡಿಇಎಫ್ ಎಂಬ ಉಪಗ್ರಹವನ್ನು ಕಕ್ಷೆಯಲ್ಲಿ ಬಿಟ್ಟುಬಂದಿತು. ಅದರಲ್ಲಿ ರಟ್ಗರ್ಸ್ ತಳಿಯ ಸುಮಾರು 1.25 ಕೋಟಿ ಟೊಮ್ಯಾಟೊ ಬೀಜಗಳಿದ್ದವು. ವರ್ಷದೊಳಗೆ ವಾಪಸು ತರುವ ಯೋಜನೆಯಿತ್ತು, ಅದು ಮುಂದಕ್ಕೆ ಹೋಯಿತು. 1986ರ ಜನವರಿಯಲ್ಲಿ ಅದೇ ನೌಕೆ ಸಿಡಿದು, ಹಾರಾಟಗಳೆಲ್ಲ ನಿಂತು, ಬೀಜಗಳು ಭೂಮಿ ಕಂಡದ್ದು 1990ರ ಜನವರಿಯಲ್ಲಿ. ಶಾಲಾಮಕ್ಕಳು ಅವನ್ನು ಬಿತ್ತಿ, ಅಷ್ಟೂ ಕಾಲ ನೆಲದಲ್ಲೇ ಉಳಿದಿದ್ದ ಬೀಜಗಳ ಜೊತೆ ಹೋಲಿಸಿ ನೋಡಿದರು. ಮೊಳಕೆ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅಷ್ಟರಿಂದಲೇ ಬಾಹ್ಯಾಕಾಶದಲ್ಲಿ ಹರಿದಾಡುವ ವಿಶ್ವಕಿರಣಗಳು ಬೀಜಕ್ಕೆ ನಿರಪಾಯಕಾರಿ ಎಂದುಬಿಡುವುದು ಅವಸರವಾದೀತು. ಮೊಳಕೆಯ ಲೆಕ್ಕ ಬೀಜ ಬದುಕಿದೆಯೇ ಎಂದಷ್ಟೇ ಹೇಳುತ್ತದೆ. ಒಳಗೆ ಏನಾಗಿದೆ ಎಂಬುದಕ್ಕೆ ಬೇರೆ ಅಳತೆಗಳು ಬೇಕು.

ಮೊದಲು ಡೋಸ್, ಅಂದರೆ ಬೀಜ ಹೀರಿಕೊಳ್ಳುವ ವಿಕಿರಣದ ಪ್ರಮಾಣ ನೋಡೋಣ; ಅದನ್ನು ಅಳೆಯುವ ಮಾನ ‘ಗ್ರೇ’. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಒಳಗೆ ದಿನಕ್ಕೆ ಸುಮಾರು ಕಾಲು ಮಿಲಿಗ್ರೇ ವಿಕಿರಣ ತಾಗುತ್ತದೆ. ವರ್ಷವಿಡೀ ಇಟ್ಟರೆ 0.1 ಗ್ರೇ ಆಸುಪಾಸು. ಹೊಸ ತಳಿಗಾಗಿ ಪ್ರಯೋಗಾಲಯದಲ್ಲಿ ಒಣಬೀಜಕ್ಕೆ ಕೊಡುವ ಗಾಮಾ ಕಿರಣದ ಪ್ರಮಾಣ ನೂರಾರು ಗ್ರೇ. ಇನ್ನೂರು ಗ್ರೇ ಆಗಬೇಕಾದರೆ ಬೀಜ ನಿಲ್ದಾಣದಲ್ಲಿ ಎರಡು ಸಾವಿರ ವರ್ಷ ಕೂರಬೇಕು. ಈ ಲೆಕ್ಕದಲ್ಲಿ ಟೊಮ್ಯಾಟೊ ಬೀಜ ಮೊಳೆತದ್ದು ಆಶ್ಚರ್ಯವೇ ಅಲ್ಲ.

ಆದರೆ ವಿಶ್ವಕಿರಣ ಗಾಮಾದಂತೆ ಎಲ್ಲ ಬೀಜಗಳ ಮೇಲೂ ಸಮನಾಗಿ ಹರಡುವುದಿಲ್ಲ. ಅದರ ಕಣಗಳಲ್ಲಿ ಬಹುಪಾಲು ಪ್ರೋಟಾನ್; ಹೀಲಿಯಂಗಿಂತ ಭಾರವಾದವು ಶೇ. 1ರಷ್ಟು ಮಾತ್ರ. ಕಣವೊಂದು ತನ್ನ ಹಾದಿಯಲ್ಲಿ ಸುರಿಯುವ ಶಕ್ತಿ ಅದರ ವಿದ್ಯುದಾವೇಶದ ವರ್ಗಕ್ಕೆ ಅನುಗುಣ. ಹಾಗಾಗಿ ಅದೇ ವೇಗದ ಪ್ರೋಟಾನ್‌ಗಿಂತ ಕಬ್ಬಿಣದ ಅಯಾನು (ಆವೇಶ 26) 676 ಪಟ್ಟು ಹೆಚ್ಚು ಶಕ್ತಿಯನ್ನು ಅಷ್ಟೇ ಉದ್ದದಲ್ಲಿ ಚೆಲ್ಲುತ್ತದೆ. ಪೊಟ್ಟಣದ ಹೆಚ್ಚಿನ ಬೀಜಗಳಿಗೆ ಅಂಥ ಕಣ ತಾಗಿರುವುದೇ ಇಲ್ಲ. ಒಂದೆರಡರ ಭ್ರೂಣವನ್ನು ಅದು ಸೀಳಿಕೊಂಡು ಹೋಗಿರುತ್ತದೆ. ಸರಾಸರಿ ಈ ಎರಡನ್ನೂ ಮುಚ್ಚಿಹಾಕುತ್ತದೆ.

ಇದನ್ನು ಚೆನ್ನಾಗಿ ಅರಿತು ಹೆಣೆದ ಪ್ರಯೋಗ ‘ಬಯೋಸ್ಟ್ಯಾಕ್’. 1972ರಲ್ಲಿ ಅಪೊಲೊ 16 ಮತ್ತು 17ರಲ್ಲಿ ಚಂದ್ರನವರೆಗೆ ಹೋಗಿಬಂದ ಈ ಡಬ್ಬಿಯನ್ನು ರೂಪಿಸಿದ್ದು ಜರ್ಮನಿಯ ಹೋರ್ಸ್ಟ್ ಬ್ಯೂಕರ್ ನೇತೃತ್ವದ ತಂಡ. ಅರಾಬಿಡಾಪ್ಸಿಸ್ ಎಂಬ, ಸಾಸಿವೆ ಕುಟುಂಬದ ಪುಟ್ಟ ಗಿಡದ ಬೀಜಗಳನ್ನು ಒಂದೇ ಪದರವಾಗಿ ಅಂಟಿಸಿ, ಮೇಲೂ ಕೆಳಗೂ ಕಣಗಳ ಜಾಡು ಹಿಡಿಯುವ ಪ್ಲಾಸ್ಟಿಕ್ ಹಾಳೆಗಳನ್ನಿಟ್ಟು, ಒಂದರ ಮೇಲೊಂದು ಪೇರಿಸಿದ್ದರು. ಮರಳಿದ ಮೇಲೆ ಹಾಳೆಯನ್ನು ಕ್ಷಾರದಲ್ಲಿ ಅದ್ದಿದರೆ ಭಾರದ ಅಯಾನು ಹೊಕ್ಕ ಕಡೆ ಸೂಕ್ಷ್ಮದರ್ಶಕದಲ್ಲಿ ಶಂಕುವಿನಾಕಾರದ ಕುಳಿ ಕಾಣುತ್ತದೆ. ಮೇಲಿನ ಕುಳಿಗೂ ಕೆಳಗಿನದಕ್ಕೂ ಗೆರೆ ಎಳೆದರೆ ಯಾವ ಬೀಜಕ್ಕೆ ಪೆಟ್ಟು ಬಿತ್ತೆಂದು ಗೊತ್ತಾಗುತ್ತದೆ. ಅದೇ ಹಾಳೆಯ ಮೇಲೆ ಪಕ್ಕದಲ್ಲಿದ್ದ, ಪೆಟ್ಟು ಬೀಳದ ಬೀಜವೇ ಹೋಲಿಕೆಗೆ ಸಿಗುತ್ತದೆ. ಉಡಾವಣೆಯ ಅದುರಾಟ, ಉಷ್ಣತೆ, ತೂಕರಹಿತ ಸ್ಥಿತಿ ಎರಡಕ್ಕೂ ಒಂದೇ ಆದ್ದರಿಂದ ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಗುವುದು ಕಷ್ಟ. ಬಯೋಸ್ಟ್ಯಾಕ್‌ನ ಹಿಂದಿನ ವರ್ಷ ಇಂಥ ಹೋಲಿಕೆ ಸಿಕ್ಕಿರಲಿಲ್ಲ: ಅಪೊಲೊ 14ರಲ್ಲಿ ಗಗನಯಾತ್ರಿ ಸ್ಟುವರ್ಟ್ ರೂಸಾ ಒಯ್ದ ಮರದ ಬೀಜಗಳ ಡಬ್ಬಿ ಮರಳಿದ ಮೇಲೆ ನಿರ್ವಾತ ಕೋಣೆಯಲ್ಲಿ ಒಡೆದು ಎಲ್ಲ ಬೆರೆತುಹೋಗಿತ್ತು. ಆ ಬೀಜಗಳಿಂದ ಬೆಳೆದ ‘ಚಂದ್ರವೃಕ್ಷ’ಗಳು ಸ್ಮಾರಕಗಳಾದವು, ಪುರಾವೆಗಳಾಗಲಿಲ್ಲ.

ಬಾಹ್ಯಾಕಾಶ ನಿಲ್ದಾಣದ ಹೊರಗೆ ಕಥೆ ಬೇರೆ. 2008–09ರಲ್ಲಿ ಎಕ್ಸ್‌ಪೋಸ್-ಇ ಎಂಬ ತಟ್ಟೆಯಲ್ಲಿ ಅರಾಬಿಡಾಪ್ಸಿಸ್ ಮತ್ತು ಹೊಗೆಸೊಪ್ಪಿನ 2100 ಬೀಜಗಳು ಒಂದೂವರೆ ವರ್ಷ ಬಯಲಲ್ಲಿದ್ದವು, ಶೇ. 23ರಷ್ಟು ಗಿಡಗಳಾದವು. ಬಿಸಿಲಿಗೆ ಮರೆಮಾಡಿದ್ದವು ತಡವಾಗಿಯಾದರೂ ಎಲ್ಲವೂ ಮೊಳೆತವು. ಸಿಪ್ಪೆಯಲ್ಲಿ ನೇರಳಾತೀತ ಕಿರಣ ತಡೆಯುವ ವಸ್ತುಗಳಿಲ್ಲದ ಬೀಜಗಳು ಹೆಚ್ಚು ಸತ್ತವು. ಎಂದರೆ ಅಲ್ಲಿ ಮುಖ್ಯ ಕೊಲೆಗಾರ ಸೂರ್ಯನ ನೇರಳಾತೀತ ಕಿರಣ. ಪತ್ರಿಕೆಗಳ ಶೀರ್ಷಿಕೆಗಳಲ್ಲಿ ವಿಶ್ವಕಿರಣ, ನೇರಳಾತೀತ ಕಿರಣ ಎರಡೂ ‘ವಿಕಿರಣ’ ಎಂಬ ಒಂದೇ ಹೆಸರಿನಡಿ ಬರುತ್ತವೆ.

‘ತಡವಾಗಿ’ ಎಂಬುದು ಗಮನಿಸಬೇಕಾದ ಮಾತು. 2015–16ರಲ್ಲಿ ಆರು ತಿಂಗಳು ನಿಲ್ದಾಣದಲ್ಲಿದ್ದ ಬ್ರಿಟನ್ನಿನ ‘ರಾಕೆಟ್’ ಎಂಬ ಸೊಪ್ಪಿನ ಬೀಜಗಳಲ್ಲೂ ಮೊಳಕೆಯ ಕಸುವು ತುಸು ಕುಂದಿತ್ತು, ಬೇಗ ಹಳತಾಗುವ ಲಕ್ಷಣವಿತ್ತು. ಕಾರಣವನ್ನು ಊಹಿಸಬಹುದು: ಒಣಬೀಜದಲ್ಲಿ ನೀರು ಕಡಿಮೆ, ಆದ್ದರಿಂದ ನೀರಿನ ಅಣು ಒಡೆದು ಹುಟ್ಟುವ ವಿನಾಶಕಾರಿ ರಾಡಿಕಲ್‌ಗಳೂ ಕಡಿಮೆ. ಆದರೆ ದುರಸ್ತಿಯೂ ನಿಂತಿರುತ್ತದೆ. ಡಿಎನ್‌ಎಗೆ ಆದ ಗಾಯ ಹಾಗೇ ಕೂಡುತ್ತಾ ಹೋಗಿ, ನೀರು ಹೀರಿದ ಮೇಲೆ ದುರಸ್ತಿ ಶುರುವಾಗುತ್ತದೆ. ಬೇರು ಹೊರಬರುವುದು ಅಷ್ಟರ ಮಟ್ಟಿಗೆ ನಿಧಾನ. ಅಲ್ಲದೆ ಹೆಚ್ಚಿನ ಮ್ಯುಟೇಶನ್‌ಗಳು, ಅಂದರೆ ಡಿಎನ್‌ಎಯಲ್ಲಿ ಉಳಿದುಬಿಡುವ ಬದಲಾವಣೆಗಳು, ಅಪ್ರಬಲ (ರಿಸೆಸಿವ್) ಸ್ವಭಾವದವಾದ್ದರಿಂದ ಮೊದಲ ಗಿಡದಲ್ಲಿ ಕಾಣಿಸಿಕೊಳ್ಳದೆ, ಅದರ ಬೀಜದಿಂದ ಎದ್ದ ಎರಡನೇ ಪೀಳಿಗೆಯಲ್ಲಿ ಬಯಲಾಗುತ್ತವೆ. ಒಂದೇ ಹಂಗಾಮಿಗೆ ಮುಗಿಸಿದ ಅಧ್ಯಯನ ಇದನ್ನು ಹಿಡಿಯಲಾರದು.

2025ರ ಜೂನ್–ಜುಲೈನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅವರ ಆಕ್ಸಿಯಂ-4 ಯಾನದಲ್ಲಿ ಹೆಸರುಕಾಳು ಮತ್ತು ಮೆಂತ್ಯ ಮೊಳಕೆಯೊಡೆದವು. ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದು. ಮೂರು ವಾರಕ್ಕೂ ಕಡಿಮೆಯ ಯಾನದಲ್ಲಿ ಡೋಸ್ ಕೆಲವೇ ಮಿಲಿಗ್ರೇ. ಆ ಮೊಳಕೆಗಳಲ್ಲಿ ಬದಲಾವಣೆ ಕಂಡರೆ ಅದನ್ನು ಮೊದಲು ಗುರುತ್ವವಿಲ್ಲದ್ದರ, ನೀರು ಹರಿಯದೆ ಅಂಟಿಕೊಳ್ಳುವುದರ ಖಾತೆಗೆ ಬರೆಯಬೇಕೆಂದು ನನ್ನ ಅಭಿಪ್ರಾಯ. ವಿಕಿರಣದ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು 2022ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಹಾಗೂ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಕಳಿಸಿದ ಜೋಳ ಮತ್ತು ಅರಾಬಿಡಾಪ್ಸಿಸ್ ಬೀಜ. ಅವನ್ನು ನಿಲ್ದಾಣದ ಒಳಗೂ ಹೊರಗೂ ಇಡಲಾಯಿತು. ಪ್ರಯೋಗಾಲಯದ ಗಾಮಾ, ಎಕ್ಸ್‌ಕಿರಣಗಳ ಪರಿಣಾಮದೊಡನೆ ಹೋಲಿಸುವುದೂ ಯೋಜನೆಯ ಭಾಗ.