ತಿಂಥಣಿಯ ತಾಮ್ರ: ಸಿಕ್ಕಿದ್ದೆಲ್ಲ ಗಣಿಯಾಗದು

ಶರಣಸಿರಸಗಿಯ ಹೊಲಗಳಲ್ಲಿ ನೇಗಿಲಿಗೆ ಸಿಗುವುದು ಕರಿಮಣ್ಣು, ಅದರಡಿ ಕಪ್ಪುಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಗಟ್ಟಿಯಾದ ಕಲ್ಲು ಅದು. ಇದರಲ್ಲಿ ಲೋಹದ ಗಣಿ ಹುಡುಕಿ ಫಲವಿಲ್ಲ. ಆದರೆ ದಕ್ಷಿಣಕ್ಕೆ ಹೊರಟು ಶಹಾಬಾದ ಕಲ್ಲಿನ ಸೀಮೆ ದಾಟಿ ಸುರಪುರದತ್ತ ನಡೆದರೆ ನೆಲದ ಗುಣವೇ ಬದಲಾಗುತ್ತದೆ. ಅಲ್ಲಿನ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಮಿಕ್ಕಿದ ವಯಸ್ಸು. ಕೃಷ್ಣೆಯ ದಡದ ತಿಂಥಣಿ ಇರುವುದು ಇಂಥ ನೆಲದಲ್ಲಿ.

ಯಾದಗಿರಿ ಜಿಲ್ಲೆ ಆಗುವ ಮುನ್ನ ಇದು ಗುಲಬರ್ಗಾ ಜಿಲ್ಲೆಯದೇ ಊರು. ಜನರಿಗೆ ತಿಂಥಣಿ ಎಂದರೆ ಮೌನೇಶ್ವರರ ಕ್ಷೇತ್ರ. ಹಿಂದೂ, ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಈ ಸಂತರು ಲೋಹಗೆಲಸಕ್ಕೆ ಹೆಸರಾದ ವಿಶ್ವಕರ್ಮ ಕುಲದಲ್ಲಿ ಹುಟ್ಟಿದವರು. ಭೂವಿಜ್ಞಾನಿಗಳಿಗೆ ಮಾತ್ರ ತಿಂಥಣಿ ಒಂದು ತಾಮ್ರದ ನಿಕ್ಷೇಪದ ಹೆಸರು. ಕಾಕತಾಳೀಯವಾದರೂ ಸೊಗಸಾದ ಹೊಂದಿಕೆ.

ಈ ಸೀಮೆಯಲ್ಲಿ ಲೋಹದ ಹುಡುಕಾಟ ಹೊಸದಲ್ಲ. ನದಿಯಾಚೆಯ ಹಟ್ಟಿ–ಮಸ್ಕಿ ಶಿಲಾಪಟ್ಟಿ ಗ್ರಾನೈಟಿನ ಸಮುದ್ರದಲ್ಲಿ ನಡುಗಡ್ಡೆಯಂತಿದೆ. 1915ರಲ್ಲಿ ಮಸ್ಕಿಯಲ್ಲಿ ಚಿನ್ನ ಅರಸುತ್ತಿದ್ದ ಎಂಜಿನಿಯರ್ ಬೀಡನ್‌ಗೆ ಸಿಕ್ಕಿದ್ದು ಅಶೋಕನ ಶಾಸನ! ನಿಜಾಮರ ಕಾಲದಲ್ಲಿ ಲಿಯೊನಾರ್ಡ್ ಮನ್ ಎಂಬ ಭೂವಿಜ್ಞಾನಿ ಪ್ರಾಚೀನರು ತೋಡಿದ ಗಣಿಗಳನ್ನು ಹುಡುಕಿ ದಾಖಲಿಸಿದರು. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಹುಟ್ಟಿತು. ಅದೇ ಇಂದಿನ ಹಟ್ಟಿ ಚಿನ್ನದ ಗಣಿ.

ಹಾಗಾದರೆ ತಿಂಥಣಿ ಇನ್ನೊಂದು ಹಟ್ಟಿ ಆಗಲಿಲ್ಲವೇಕೆ? ತಾಮ್ರದ ಅದಿರಿಗೆ ಗಾಳಿ, ನೀರು ತಾಗಿದರೆ ಬಂಡೆಯ ಮೇಲೆ ಹಸಿರು ಕಲೆ ಮೂಡುತ್ತದೆ. ಅದು ಸುಳಿವು ಮಾತ್ರ. ನಂತರ ಕೊಳವೆ ಕೊರೆದು ಆಳದ ಕಲ್ಲು ತೆಗೆದು ಪರೀಕ್ಷಿಸಬೇಕು. ಅದಿರಿನಲ್ಲಿ ಶೇಕಡಾ 1ರಷ್ಟು ತಾಮ್ರವಿದ್ದರೆ ಒಂದು ಟನ್ ಕಲ್ಲು ಒಡೆದಾಗ ಸಿಗುವುದು ಹೆಚ್ಚೆಂದರೆ 10 ಕಿಲೊ; ಉಳಿದ 990 ಕಿಲೊ ತ್ಯಾಜ್ಯ. ಅದಿರು ಎಷ್ಟಿದೆ, ಎಷ್ಟು ಆಳದಲ್ಲಿದೆ, ಮಾರುಕಟ್ಟೆ ದರವೇನು ಎಂಬ ಲೆಕ್ಕ ಕೂಡಿಬಂದರೆ ಮಾತ್ರ ನಿಕ್ಷೇಪ ಗಣಿಯಾಗುತ್ತದೆ. ಚಿತ್ರದುರ್ಗದ ಇಂಗಳದಾಳದಲ್ಲಿ ಲೆಕ್ಕ ಕೂಡಿ ಗಣಿ ತೆರೆಯಿತು; ಮುಂದೆ ಅಲ್ಲೂ ತಾಮ್ರ ತೆಗೆಯುವುದು ನಿಂತಿತು.

ಈಗ ವಿದ್ಯುತ್ ವಾಹನಗಳ ಕಾಲ. ತಾಮ್ರಕ್ಕೆ ಬೇಡಿಕೆ ಏರುತ್ತಿದೆ. ನಿನ್ನೆ ಬೇಡವಾಗಿದ್ದ ಅದಿರು ನಾಳೆ ಬೇಕಾಗಬಹುದು. ಆಗ ಟನ್ನಿಗೆ ಎಷ್ಟು ಕಿಲೊ ಎಂಬ ಲೆಕ್ಕದ ಜೊತೆ, 990 ಕಿಲೊ ತ್ಯಾಜ್ಯ ಎಲ್ಲಿಗೆ, ಕೃಷ್ಣೆಯ ನೀರಿನ ಗತಿಯೇನು ಎಂಬ ಲೆಕ್ಕವನ್ನೂ ತಿಂಥಣಿಯ ಜನ ಕೇಳಬೇಕಾಗುತ್ತದೆ.