ಕಾನೂನು ಕಡೆದ ಕೋವಿಗಳು: ಕೊಡಗಿನ .315, ಲಿತ್‌ಗೋದ .303

ಕೊಡಗಿನ ಹಳೆಯ ಮನೆಗಳಲ್ಲಿ ಕೋವಿ ಎಂದರೆ ಸಾಮಾನ್ಯವಾಗಿ ಮೂರು ಬಗೆ. ಮದ್ದು ತುಂಬಿ ಹೊಡೆಯುವ ಕೇಪಿನ ಕೋವಿ, ಒಂಟಿ ಅಥವಾ ಜೋಡುನಳಿಗೆಯ ತೋಟಾ ಕೋವಿ, ಅನುಕೂಲಸ್ಥರಲ್ಲಿ ಒಂದು ಬೋಲ್ಟ್ ರೈಫಲ್. ಮೊದಲೆರಡನ್ನು ಬಲ್ಲವರು ನಮ್ಮ ಸಂಘದಲ್ಲಿ ಸಾಕಷ್ಟು ಮಂದಿ ಇದ್ದಾರೆ. ಮೂರನೆಯದರ ಬಗ್ಗೆ ಕೇಳಿದರೆ ‘ತ್ರೀ ಒನ್ ಫೈವ್’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಈ .315 ಎಂಬ ಅಳತೆ ಎಲ್ಲಿಂದ ಬಂತು? ಬ್ರಿಟಿಷರ ಸೈನ್ಯದ್ದು .303. ಅವರೇ ಆಳಿದ ದೇಶದ ಬೇಟೆಗಾರನ ಕೈಗೆ ಬೇರೆ ಅಳತೆ ಏಕೆ?

ಉತ್ತರ ಇರುವುದು ಆಸ್ಟ್ರಿಯಾದಲ್ಲಿ. 1890ರ ಆಸುಪಾಸಿನಲ್ಲಿ ಆಸ್ಟ್ರಿಯಾ-ಹಂಗೇರಿಯ ಸೈನ್ಯ ಫರ್ಡಿನಾಂಡ್ ಮಾನ್‌ಲಿಷರ್ ವಿನ್ಯಾಸದ ರೈಫಲ್‌ಗಳಿಗೆ 8 ಮಿ.ಮೀ. ಗುಂಡಿನ, 50 ಮಿ.ಮೀ. ಉದ್ದದ ಕವಚವಿರುವ ಅಂಚುಳ್ಳ ತೋಟಾ ಬಳಸುತ್ತಿತ್ತು. ನಮ್ಮ .315 ಮೂಲತಃ ಅದೇ ತೋಟಾ. 1857ರ ನೆನಪು ಬಿಡದ ಬ್ರಿಟಿಷ್ ಸರ್ಕಾರ, ತನ್ನ ಸೈನ್ಯದ ತೋಟಾ ಹಿಡಿಸುವ ರೈಫಲ್ ಭಾರತದಲ್ಲಿ ಜನರ ಬಳಿ ಇರಕೂಡದೆಂದು ನಿರ್ಬಂಧ ಹಾಕಿತು. ಬಂಡೆದ್ದವರಿಗೆ ಸರ್ಕಾರಿ ಉಗ್ರಾಣದಿಂದ ಕದ್ದ ಮದ್ದುಗುಂಡು ಉಪಯೋಗಕ್ಕೆ ಬರಬಾರದು ಎಂಬುದು ಲೆಕ್ಕ. ದೊಡ್ಡ ಬೇಟೆಯ .450 ಅಳತೆಗೂ 1907ರಲ್ಲಿ ಇದೇ ಗತಿಯಾಯಿತು. ಲಂಡನ್ನಿನ ತಯಾರಕರು .465, .470, .475 ಎಂದು ಹೊಸ ಅಳತೆಗಳನ್ನು ಹುಟ್ಟುಹಾಕಿದರು. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿ ಇಂಗ್ಲಿಷ್ ಲೀ ಬೋಲ್ಟಿಗೆ ಆಸ್ಟ್ರಿಯಾದ ತೋಟಾ ಹೊಂದಿಸಿ ಭಾರತಕ್ಕೆ ಕಳಿಸಿತು. ಸ್ವಾತಂತ್ರ್ಯಾನಂತರ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯೂ ಅದೇ ಜಾಡಿನಲ್ಲಿ .315 ತಯಾರಿಸಿತು. .303 ಭಾರತದಲ್ಲಿ ಇಂದಿಗೂ ನಿಷಿದ್ಧ ಅಳತೆಯೇ.

ತೋಟಾ ಬಂತು, ಆದರೆ ಮಾನ್‌ಲಿಷರ್ ಹೆಸರನ್ನು ಬೇಟೆಗಾರರಲ್ಲಿ ಅಮರವಾಗಿಸಿದ ರೂಪ ಅದರ ಜೊತೆಗೆ ಬರಲಿಲ್ಲ. ಸಂಗ್ರಾಹಕರು ಇಂದು ಹುಡುಕುವುದು 1903ರ ಮಾನ್‌ಲಿಷರ್-ಶೋನಾವರ್ ಕಾರ್ಬೈನನ್ನು. ಅದರ ನಳಿಗೆ ಸುಮಾರು 45 ಸೆಂ.ಮೀ., ಹಿಡಿಯ ಮರ ನಳಿಗೆಯ ಬಾಯಿವರೆಗೂ ಚಾಚಿಕೊಂಡಿರುತ್ತದೆ. ಓಟ್ಟೊ ಶೋನಾವರ್ ರೂಪಿಸಿದ ತಿರುಗುವ ಮ್ಯಾಗಜೀನಿನಲ್ಲಿ ಐದು ತೋಟಾ ಕೂರುತ್ತವೆ. ಬೋಲ್ಟ್ ಎಳೆದರೆ ಬೆಣ್ಣೆಯಲ್ಲಿ ಚಾಕು ಸರಿದಂತೆ. ಆಲ್ಪ್ಸ್ ಪರ್ವತ ಹತ್ತುವ ಬೇಟೆಗಾರನಿಗೆ ಬೇಕಾದದ್ದು ಇದೇ: ಹಗುರ, ಗಿಡ್ಡ, ಬಂಡೆಗೆ ತಾಗಿದರೂ ನಳಿಗೆಗೆ ಮರದ ಹೊದಿಕೆ. ಇಷಾಪುರದ .315ರಲ್ಲಾದರೋ ಮರ ಅರ್ಧಕ್ಕೇ ನಿಲ್ಲುತ್ತದೆ.

ಪೂರ್ತಿ ಮರ ನೋಡಲು ಚೆಂದ, ಗುರಿಗೆ ಅಷ್ಟೊಂದು ಹಿತವಲ್ಲ ಎಂಬುದು ನನ್ನ ಅಭಿಪ್ರಾಯ. ತೇವಕ್ಕೆ ಮರ ಉಬ್ಬುತ್ತದೆ, ಸೆಖೆಗೆ ಕುಗ್ಗುತ್ತದೆ, ನಳಿಗೆಯನ್ನು ಒಂದು ಬದಿಗೆ ಒತ್ತುತ್ತದೆ. ಮುರಿದ ಮೂಳೆಗೆ ಕಟ್ಟಿದ ಪ್ಲಾಸ್ಟರ್ ಒಳಗಿನ ಊತದಿಂದ ಬಿಗಿಯಾದಾಗ ಏನಾಗುತ್ತದೆಂದು ವೈದ್ಯರಿಗೆ ಗೊತ್ತು, ಇಲ್ಲಿಯೂ ಅಂಥದೇ ಕಥೆ. ಮಡಿಕೇರಿಯ ಜೂನ್-ಜುಲೈ ಮಳೆ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಆ ಹವೆಗೆ ಅರ್ಧ ಮರದ .315 ಹೆಚ್ಚು ಒಗ್ಗುವಂಥದು.

ನಾವೀಗ ಇರುವ ನೆಲಕ್ಕೆ ಬರೋಣ. ಸಿಡ್ನಿಯಿಂದ ನೀಲಗಿರಿಯ ಹೆಸರನ್ನೇ ಹೊತ್ತ ಬ್ಲೂ ಮೌಂಟನ್ಸ್ ದಾಟಿ ಸುಮಾರು 140 ಕಿ.ಮೀ. ಹೋದರೆ ಲಿತ್‌ಗೋ. ಅಲ್ಲಿನ ಸರ್ಕಾರಿ ಕಾರ್ಖಾನೆ 1912ರಲ್ಲಿ ಶುರುವಾಯಿತು, ಈಗ ಅಲ್ಲೊಂದು ವಸ್ತುಸಂಗ್ರಹಾಲಯವೂ ಇದೆ. ಎರಡು ಮಹಾಯುದ್ಧಗಳಿಗೆ ಅಲ್ಲಿಂದ ಹೋದ .303 ರೈಫಲ್‌ಗಳಿಗೂ ಮರ ಬಾಯಿವರೆಗೆ ಇತ್ತು. ಆಲ್ಪ್ಸ್ ಬೇಟೆಗಾರನ ಶೋಕಿ ಅದಲ್ಲ, ಕಾದ ನಳಿಗೆಯಿಂದ ಸೈನಿಕನ ಕೈ ಸುಡದಿರಲೆಂದು. ಅಕ್ರೋಟ್ ಮರದ ಬದಲು ಕ್ವೀನ್ಸ್‌ಲ್ಯಾಂಡ್ ಮೇಪಲ್, ಕೋಚ್‌ವುಡ್ ಎಂಬ ಇಲ್ಲಿನ ಮರಗಳನ್ನೇ ಬಳಸಿದರು. ಯುದ್ಧ ಮುಗಿದ ಮೇಲೆ ರೈತರು ಅಗ್ಗಕ್ಕೆ ಕೊಂಡು, ಮುಂದಿನ ಮರವನ್ನು ಗರಗಸದಿಂದ ಕತ್ತರಿಸಿ ಕಾಂಗರೂ, ಹಂದಿ ಬೇಟೆಗೆ ಇಟ್ಟುಕೊಂಡರು. ನ್ಯೂ ಸೌತ್ ವೇಲ್ಸ್ ಸರ್ಕಾರ ಆಗ ಸೇನಾ ಅಳತೆಯ ತೋಟಾಗಳಿಗೆ ನಿರ್ಬಂಧ ಹಾಕಿತು. ಇಲ್ಲಿನ ಜನ .303 ತೋಟಾದ ಕತ್ತನ್ನು ಕಿರಿದಾಗಿಸಿ .303/25 ಎಂಬ ಹೊಸ ಅಳತೆ ಬಳಕೆಗೆ ತಂದರು. ಆಳುವವರಿಗೆ ಅದೇ ಅನುಮಾನ, ಬೇಟೆಗಾರರದು ಅದೇ ಉಪಾಯ. ಈ ಹೋಲಿಕೆ ಕಂಡಾಗಲೇ ಈ ಲೇಖನ ಬರೆಯಬೇಕೆನಿಸಿತು.

ಕೊಡಗಿನ ಕಾನೂನಿನ ಕಥೆ ಬೇರೆಯೇ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ಕೊಟ್ಟರು. ಕಾರಣವಾಗಿ ಹೇಳಿದ್ದು ನಿಷ್ಠೆ ಮತ್ತು ಸೇವೆ. 1837ರಲ್ಲಿ ಸುಳ್ಯದ ಕಡೆಯ ರೈತರು ಬಂಡೆದ್ದಾಗ ಯಾರು ಯಾವ ಕಡೆ ನಿಂತರು ಎಂಬುದನ್ನೂ ನೆನೆದು ಈ ಔದಾರ್ಯವನ್ನು ಅಳೆಯಬೇಕು. ಸ್ವತಂತ್ರ ಭಾರತದಲ್ಲಿ 1963ರ ಅಧಿಸೂಚನೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಮುಂದುವರಿಸಿತು. ಜಿಲ್ಲೆಯ ಹೊರಗೆ ಒಯ್ಯುವುದಾದರೆ ಒಂದು ರೈಫಲ್, ನೂರು ತೋಟಾ ಎಂಬ ಮಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. 1972ರ ವನ್ಯಜೀವಿ ಕಾಯಿದೆಯ ನಂತರ ಬೇಟೆಯ ಮಾತಿಲ್ಲ. ಕಾಕತಾಳೀಯವೆಂದರೆ ಮಾನ್‌ಲಿಷರ್-ಶೋನಾವರ್ ತಯಾರಿಕೆ ನಿಂತದ್ದೂ ಅದೇ ವರ್ಷ.

ಈಗ ಕೋವಿ ಹೊರಬರುವುದು ಪುತ್ತರಿಗೆ, ಮನೆಯ ಹುಟ್ಟು-ಸಾವಿಗೆ, ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಪೂಜೆಗೆ. ಪೂಜೆಯ ದಿನ ನಳಿಗೆಗೆ ಸಿಕ್ಕಿಸುವ ತೋಕ್ ಪೂವಿನ ಗಿಡದಲ್ಲಿ ಕಾಲ್ಚಿಸಿನ್ ಇದೆ. ಗೌಟ್ ರೋಗಕ್ಕೆ ನಾನು ವರ್ಷಗಟ್ಟಲೆ ಬರೆದುಕೊಟ್ಟ ಔಷಧಿ ಅದು, ಪ್ರಮಾಣ ಮೀರಿದರೆ ವಿಷ. ಇಲ್ಲಿನ ಪೂರ್ವ ಕರಾವಳಿಯ ಮರಳುದಿಬ್ಬಗಳಲ್ಲಿ ಅದನ್ನು ಕಳೆಯೆಂದು ಕಿತ್ತೊಗೆಯುತ್ತಾರೆ.

ಮಕ್ಕಳು ಸಿಡ್ನಿ, ಮೆಲ್ಬರ್ನ್‌ಗಳಲ್ಲಿ, ಕೋವಿ ಐನ್‌ಮನೆಯಲ್ಲಿ. 1996ರ ಏಪ್ರಿಲ್ 28ರಂದು ಪೋರ್ಟ್ ಆರ್ಥರ್‌ನಲ್ಲಿ 35 ಮಂದಿ ಸತ್ತ ನಂತರ ಈ ದೇಶ ಬರೆದ ನಿಯಮಗಳಲ್ಲಿ ಬೋಲ್ಟ್ ರೈಫಲ್ ‘ಬಿ’ ವರ್ಗದ್ದು. ಪರವಾನಗಿಗೆ ತಕ್ಕ ಕಾರಣ ಬೇಕು, ಅಜ್ಜನ ನೆನಪು ತಾನಾಗಿ ಕಾರಣವಾಗದು. ಆ ನಿಯಮ ಸರಿಯೆಂದೇ ನನ್ನ ಮತ, ಗುಂಡೇಟಿನ ಗಾಯ ಹೊಲಿದವನ ಮತ ಅದು. ತರಲಾಗದ ಕೋವಿಯ ಚರಿತ್ರೆಯನ್ನಾದರೂ ತರಬಹುದಲ್ಲ. ಮುಂದಿನ ಸಲ ಊರಿಗೆ ಹೋದಾಗ, ಹಕ್ಕುಳ್ಳ ಹಿರಿಯರಿಂದಲೇ ಬೋಲ್ಟ್ ತೆಗೆಸಿ, ತೋಟಾ ಇಲ್ಲವೆಂದು ಖಾತ್ರಿಪಡಿಸಿಕೊಂಡು, ನಳಿಗೆಯ ಬುಡದ ಮುದ್ರೆಗಳ ಫೋಟೊ ತೆಗೆಯಿರಿ. ಬಿಎಸ್‌ಎಯೋ ಇಷಾಪುರವೋ, ಮರ ಎಲ್ಲಿಗೆ ನಿಲ್ಲುತ್ತದೆ, ಯಾರು ಯಾವಾಗ ಕೊಂಡರು ಎಂದು ಅಜ್ಜಿಯಂದಿರನ್ನು ಕೇಳಿ ಬರೆದುಕೊಳ್ಳಿ. ಕ್ರಮಸಂಖ್ಯೆಯನ್ನು ಮಾತ್ರ ಮನೆಯ ಕಡತದಲ್ಲೇ ಇಟ್ಟುಕೊಂಡು ಉಳಿದದ್ದನ್ನು ನನಗೆ ಕಳಿಸಿಕೊಡಿ.