ಕ್ರೈಸ್ತ ಪ್ರೇಕ್ಷಕನೂ ಕನ್ನಡ ಚಲಚ್ಚಿತ್ರವೂ: ಶಿವಮೊಗ್ಗ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಗಾಜನೂರೆಂಬ ಹೆಸರಿನ ಎರಡು ಊರುಗಳು ಕನ್ನಡಿಗರಿಗೆ ಪರಿಚಿತವಾಗಿವೆ. ಒಂದು, ಈಗ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿರುವ ತಾಳವಾಡಿ ಸೀಮೆಯದು. ನಟ ರಾಜಕುಮಾರರ ಊರೆಂದು ಅದನ್ನು ಅರಿಯದವರಿಲ್ಲ. ಇನ್ನೊಂದು, ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ತುಂಗಾನದಿಯ ದಡದಲ್ಲಿರುವುದು. ಅದರ ಪ್ರಸಿದ್ಧಿಯೆಲ್ಲ ಅಲ್ಲಿಯ ಅಣೆಕಟ್ಟಿನದು. ಹೆಸರಿನ ಹೋಲಿಕೆಯನ್ನು ಬಿಟ್ಟರೆ ಇವೆರಡಕ್ಕೂ ಬೇರೆ ನಂಟಿಲ್ಲ. ಆದರೂ ಚಲಚ್ಚಿತ್ರವನ್ನು ಕುರಿತು ವಿಚಾರಿಸುವವನಿಗೆ ಈ ಎರಡನೆಯ ಗಾಜನೂರು ಅಪ್ರಸ್ತುತವೆನ್ನಲಾಗದು. ಮಲೆನಾಡಿನ ನದಿಗಳಿಗೆ ಒಡ್ಡು ಕಟ್ಟಿ ನೀರು ನಿಲ್ಲಿಸಿದ ಚರಿತ್ರೆಯೂ ಆ ನೀರಿನಲ್ಲಿ ಮುಳುಗಿದ ಮನೆಗಳ ಚರಿತ್ರೆಯೂ ಸೇರಿ ಕನ್ನಡದ ಒಂದು ಶ್ರೇಷ್ಠ ಚಿತ್ರಕ್ಕೆ ವಸ್ತುವಾಯಿತು. ಅದರ ಮೂಲಕಥೆಯನ್ನು ಬರೆದವರು ಇದೇ ಜಿಲ್ಲೆಯ ಕ್ರೈಸ್ತರೊಬ್ಬರು. ಕ್ರೈಸ್ತನಾದವನು ಚಲಚ್ಚಿತ್ರವನ್ನು ಯಾವ ಕಣ್ಣಿನಿಂದ ನೋಡಬೇಕೆಂಬ ಪ್ರಶ್ನೆಯನ್ನು ಈ ಸೀಮೆಯಲ್ಲಿ ನಿಂತು ಕೇಳುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ನೋಟವನ್ನು ಕುರಿತ ಚಿಂತನೆ ಕ್ರಿಸ್ತಮತದಲ್ಲಿ ಹೊಸದಲ್ಲ. ಓದು ಬಾರದವರಿಗೆ ಚಿತ್ರವೇ ಪುಸ್ತಕವೆಂಬ ಅಭಿಪ್ರಾಯವನ್ನು ಕ್ರಿ. ಶ. ೬೦೦ರ ಸುಮಾರಿನಲ್ಲಿಯೇ ಮಹಾ ಗ್ರೆಗೊರಿ ಪೋಪರು ಮಾರ್ಸೇಲಿನ ಧರ್ಮಾಧ್ಯಕ್ಷರಿಗೆ ಬರೆದು ತಿಳಿಸಿದ್ದರು. ಪೂಜ್ಯರ ಚಿತ್ರಗಳನ್ನು ಇರಿಸಿಕೊಳ್ಳಬಹುದೇ ಕೂಡದೇ ಎಂಬ ದೀರ್ಘಕಲಹ ೭೮೭ರಲ್ಲಿ ನೈಸಿಯಾದ ಎರಡನೆಯ ಮಹಾಸಭೆಯಲ್ಲಿ ಚಿತ್ರಗಳ ಪರವಾಗಿ ತೀರ್ಮಾನವಾಯಿತು. ತಪಸ್ಸುಕಾಲದಲ್ಲಿ ನಮ್ಮ ದೇವಾಲಯಗಳಲ್ಲಿ ನಡೆಯುವ ಶಿಲುಬೆಯ ಹಾದಿಯ ಭಕ್ತಿಯೂ ಒಂದು ಬಗೆಯ ದರ್ಶನಾಭ್ಯಾಸವೇ ಆಗಿರುತ್ತದೆ. ಗೋಡೆಯ ಮೇಲಣ ಹದಿನಾಲ್ಕು ಚಿತ್ರಗಳಲ್ಲಿ ಒಂದೊಂದರ ಮುಂದೆಯೂ ನಿಂತು, ನೋಡಿ, ತನ್ನ ಪಾಪವನ್ನು ನೆನೆದು, ಮುಂದಿನದಕ್ಕೆ ನಡೆಯುವುದು ಅದರ ಕ್ರಮ. ಇಲ್ಲಿ ನೋಡುವವನು ಕೇವಲ ಸಾಕ್ಷಿಯಲ್ಲ. ಚಿತ್ರದೊಳಗಣ ಗುಂಪಿನಲ್ಲಿ ತಾನೂ ಒಬ್ಬನೆಂದು ಭಾವಿಸಬೇಕೆಂಬುದೇ ಆ ಭಕ್ತಿಯ ಮರ್ಮ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವುದೆಲ್ಲವೂ ಇದನ್ನೇ ಆಶ್ರಯಿಸಿದೆ.

ಭಾರತೀಯ ಚಲಚ್ಚಿತ್ರದ ಹುಟ್ಟಿಗೂ ಕ್ರಿಸ್ತಚರಿತ್ರೆಗೂ ಇರುವ ಸಂಬಂಧ ಪ್ರಸಿದ್ಧವಾದುದು. ೧೮೯೬ನೆಯ ಜುಲೈ ೭ರಂದು ಲ್ಯೂಮಿಯೇರ್ ಸಹೋದರರ ಚಿತ್ರಗಳು ಮುಂಬಯಿಯಲ್ಲಿ ಪ್ರದರ್ಶಿತವಾದ ಮೇಲೆ ಒಂದೂವರೆ ದಶಕ ಕಳೆದಿರಲು, ಅದೇ ನಗರದಲ್ಲಿ ಯೇಸುಸ್ವಾಮಿಯ ಜೀವನವನ್ನು ಕುರಿತ ಮೂಕಚಿತ್ರವೊಂದನ್ನು ದಾದಾಸಾಹೇಬ ಫಾಲ್ಕೆಯವರು ಕಂಡರು. ಕಣ್ಣೆದುರಿನಲ್ಲಿ ಕ್ರಿಸ್ತನ ಚರಿತ್ರೆ ಓಡುತ್ತಿದ್ದಾಗ ತಮ್ಮ ಮನಸ್ಸಿನಲ್ಲಿ ರಾಮನೂ ಕೃಷ್ಣನೂ ಸುಳಿದರೆಂದು ಅವರೇ ಹೇಳಿಕೊಂಡಿದ್ದಾರೆ. ೧೯೧೩ರಲ್ಲಿ ತೆರೆಕಂಡ ಅವರ ‘ರಾಜಾ ಹರಿಶ್ಚಂದ್ರ’ ಈ ದರ್ಶನದ ಫಲ. ಹಿಂದೂ ಪ್ರೇಕ್ಷಕರೊಬ್ಬರು ಕ್ರೈಸ್ತಚಿತ್ರವನ್ನು ಮನಸ್ಸಿಟ್ಟು ನೋಡಿದುದರಿಂದ ಈ ದೇಶದ ಚಿತ್ರಕಲೆಯೊಂದು ಪ್ರಾರಂಭವಾಯಿತೆಂಬುದು ಗಮನಿಸತಕ್ಕ ವಿಷಯ. ಅನ್ಯರ ಕಥೆಯಲ್ಲಿ ತನ್ನ ದೈವವನ್ನು ನೆನೆಯುವ ಆ ಔದಾರ್ಯಕ್ಕೆ ಪ್ರತಿಯಾಗಿ ಕ್ರೈಸ್ತ ಪ್ರೇಕ್ಷಕನು ಏನನ್ನು ಸಲ್ಲಿಸಿದನೆಂದು ಕೇಳಬೇಕಾಗಿದೆ.

ಮೊದಮೊದಲು ಸಲ್ಲಿದುದು ಅಂಜಿಕೆಯೆಂದೇ ಹೇಳಬೇಕು. ೧೯೩೪ರ ಮಾರ್ಚಿಯಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತೀ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡಿತು. ಅದೇ ಸುಮಾರಿನಲ್ಲಿ ಅಮೆರಿಕದ ಕಥೋಲಿಕರು ಅಶ್ಲೀಲಚಿತ್ರಗಳಿಗೆ ವಿರುದ್ಧವಾಗಿ ಸಭ್ಯತೆಯ ಸಂಘವೊಂದನ್ನು ಕಟ್ಟಿ, ಅಂತಹ ಚಿತ್ರಗಳನ್ನು ನೋಡುವುದಿಲ್ಲವೆಂದು ಲಕ್ಷಾಂತರ ಜನರಿಂದ ಪ್ರತಿಜ್ಞೆ ಮಾಡಿಸುತ್ತಿದ್ದರು. ೧೯೩೬ನೆಯ ಜೂನ್ ೨೯ರಂದು ಹನ್ನೊಂದನೆಯ ಪಿಯುಸ್ ಪೋಪರು ಹೊರಡಿಸಿದ ‘ವಿಜಿಲಾಂತಿ ಕೂರಾ’ ಎಂಬ ಪರಿಪತ್ರವು ಈ ಪ್ರತಿಜ್ಞೆಯನ್ನು ಮೆಚ್ಚಿ, ದೇಶದೇಶಗಳಲ್ಲಿಯೂ ಚಿತ್ರಗಳನ್ನು ವಿಂಗಡಿಸಿ ಜನರಿಗೆ ತಿಳಿಸುವ ಕಚೇರಿಗಳಿರಬೇಕೆಂದು ಸೂಚಿಸಿತು. ಒಳ್ಳೆಯ ಚಿತ್ರದಿಂದ ಒಳ್ಳೆಯದಾಗುವುದೆಂಬ ಮಾತು ಅದರಲ್ಲಿಯೂ ಉಂಟು. ಆದರೆ ಅದರ ಮುಖ್ಯ ಪ್ರಶ್ನೆ ‘ಇದನ್ನು ನೋಡಬಹುದೆ?’ ಎಂಬುದು.

ಇಪ್ಪತ್ತೊಂದು ವರ್ಷಗಳ ಮೇಲೆ ಸ್ವರ ಬದಲಾಯಿತು. ೧೯೫೭ರಲ್ಲಿ ಹನ್ನೆರಡನೆಯ ಪಿಯುಸ್ ಪೋಪರ ‘ಮಿರಾಂದಾ ಪ್ರೋರ್ಸುಸ್’ ಎಂಬ ಪರಿಪತ್ರವು ಚಲಚ್ಚಿತ್ರ, ರೇಡಿಯೋ, ದೂರದರ್ಶನಗಳನ್ನು ಒಟ್ಟಿಗೆ ವಿಚಾರಿಸಿ, ಪ್ರೇಕ್ಷಕನಿಗೆ ಶಿಕ್ಷಣ ಬೇಕೆಂದು ಒತ್ತಿಹೇಳಿತು. ೧೯೬೩ನೆಯ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಸಮಾಜಸಂಪರ್ಕಸಾಧನಗಳನ್ನು ಕುರಿತು ಆಜ್ಞಾಪತ್ರವನ್ನು ಪ್ರಕಟಿಸಿತು. ಮರುವರ್ಷ ವೆನಿಸ್ಸಿನ ಉತ್ಸವದಲ್ಲಿ, ಮಾರ್ಕ್ಸ್‌ವಾದಿಯೆಂದು ಹೆಸರಾಗಿದ್ದ ಪಾಸೊಲಿನಿಯವರು ಮತ್ತಾಯನ ಸುವಾರ್ತೆಯನ್ನು ಆಧರಿಸಿ ತೆಗೆದ ಚಿತ್ರಕ್ಕೆ ಕಥೋಲಿಕರ ಅಂತರರಾಷ್ಟ್ರೀಯ ಚಲಚ್ಚಿತ್ರ ಸಂಸ್ಥೆಯೇ ಬಹುಮಾನವನ್ನಿತ್ತಿತು. ‘ನೋಡಬಹುದೆ?’ ಎಂಬುದಕ್ಕೆ ಬದಲಾಗಿ ‘ಹೇಗೆ ನೋಡಬೇಕು?’ ಎಂಬ ಪ್ರಶ್ನೆ ಮುಂದೆ ಬಂದಿತು. ಮೊದಲನೆಯ ಪ್ರಶ್ನೆ ಸತ್ತುಹೋಯಿತೆಂದಲ್ಲ. ಮನೆಯಲ್ಲಿ ಮಕ್ಕಳಿರುವವರಿಗೆ ಅದರ ಬೆಲೆ ತಿಳಿದೇ ಇದೆ. ಆದರೆ ಬಾಗಿಲು ಕಾಯುವವನ ಕೆಲಸ ಬೇರೆ, ಒಳಗೆ ಕುಳಿತವನ ಕೆಲಸ ಬೇರೆ.

ಶಿವಮೊಗ್ಗ, ಚಿತ್ರದುರ್ಗ, ದಾವಣಗೆರೆಗಳನ್ನೊಳಗೊಂಡ ಶಿವಮೊಗ್ಗ ಧರ್ಮಪ್ರಾಂತ್ಯವು ಸ್ಥಾಪಿತವಾದುದು ೧೯೮೮ನೆಯ ನವೆಂಬರ್ ೧೪ರಂದು. ಆದರೆ ಇಲ್ಲಿಯ ಕ್ರೈಸ್ತರು ಅದಕ್ಕಿಂತ ಬಹಳ ಹಳಬರು. ಘಟ್ಟದ ಕೆಳಗಿನಿಂದ ಬಂದ ಕೊಂಕಣಿ ಮಾತಿನವರು, ತಮಿಳು ಮಾತಿನವರು, ಕನ್ನಡವೇ ಮನೆಮಾತಾದವರು, ಎಲ್ಲರೂ ಸೇರಿದ ಸಮಾಜ ಇದು. ೧೯೨೩ರಲ್ಲಿ ಉತ್ಪಾದನೆಯನ್ನಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ೧೯೩೬ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ನಾನಾ ಮತದ, ನಾನಾ ಭಾಷೆಯ ಜನರನ್ನು ಈ ಸೀಮೆಗೆ ತಂದವು. ಅಂತಹ ಊರಿನ ಸಿನಿಮಾ ಮಂದಿರವೆಂದರೆ, ಭಾನುವಾರದ ಪೂಜೆಯಲ್ಲಿ ಬೇರೆಯಾದವರು ಸಾಯಂಕಾಲ ಒಂದೇ ಬೆಳಕನ್ನು ನೋಡುತ್ತ ಕುಳಿತುಕೊಳ್ಳುವ ಸ್ಥಳ. ಆದುದರಿಂದ ಇಲ್ಲಿಯ ಕ್ರೈಸ್ತ ಪ್ರೇಕ್ಷಕನಿಗೆ ಇನ್ನೊಂದು ಪ್ರಶ್ನೆಯೂ ಸಹಜವಾಗಿಯೇ ಹುಟ್ಟುತ್ತದೆ: ‘ಇವರು ನಮ್ಮನ್ನು ಹೇಗೆ ತೋರಿಸಿದ್ದಾರೆ?’

೧೯೭೨ರ ‘ನಾಗರಹಾವು’ ಚಿತ್ರವನ್ನೇ ನೋಡಬಹುದು. ತ. ರಾ. ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲರು ರೂಪಿಸಿದ ಈ ಚಿತ್ರದಲ್ಲಿ ಮಾರ್ಗರೆಟ್ ಎಂಬ ಕ್ರೈಸ್ತ ಹುಡುಗಿ ರಾಮಾಚಾರಿಯನ್ನು ಪ್ರೀತಿಸಿ, ಕೊನೆಗೆ ಅವನೊಡನೆಯೇ ಚಿತ್ರದುರ್ಗದ ಬೆಟ್ಟದಿಂದ ಬಿದ್ದು ಸಾಯುತ್ತಾಳೆ. ಉಡುಗೆಯಿಂದ, ಮಾತಿನಿಂದ ಕ್ರೈಸ್ತ ಹೆಣ್ಣನ್ನು ಬೇರೆಯವಳೆಂದು ಗುರುತಿಸುವ ವಾಡಿಕೆ ಆ ಕಾಲದ ಅನೇಕ ಚಿತ್ರಗಳಲ್ಲಿದ್ದುದು ನಿಜ. ಅದನ್ನು ಎತ್ತಿ ತೋರಿಸುವುದು ನ್ಯಾಯವೂ ಹೌದು. ಆದರೆ ಅಲ್ಲಿಗೇ ನಿಲ್ಲುವವನು ಚಿತ್ರವನ್ನು ಕನ್ನಡಿಯಾಗಿ ಮಾಡಿಕೊಂಡು ತನ್ನ ಮುಖವನ್ನು ಮಾತ್ರ ಹುಡುಕುತ್ತಾನೆ. ಇಬ್ಬರ ಸಾವಿಗೆ ಕಾರಣವಾದ ಮತದ ಗೋಡೆಯ ಎರಡು ಮಗ್ಗುಲುಗಳಲ್ಲಿ ಒಂದನ್ನು ಕಟ್ಟಿದವರು ತಾವೂ ಆಗಿರಬಹುದೆಂಬುದು ಅವನಿಗೆ ಹೊಳೆಯುವುದಿಲ್ಲ.

ಈ ಪರೀಕ್ಷೆ ಇನ್ನೂ ಕಠಿನವಾಗುವುದು ೧೯೭೫ರ ‘ಚೋಮನ ದುಡಿ’ಯಲ್ಲಿ. ಶಿವರಾಮ ಕಾರಂತರ ೧೯೩೩ರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು ನಿರ್ದೇಶಿಸಿದ ಈ ಚಿತ್ರಕ್ಕೆ ರಾಷ್ಟ್ರದ ಸ್ವರ್ಣಕಮಲವೂ, ಚೋಮನ ಪಾತ್ರಧಾರಿ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠನಟ ಪ್ರಶಸ್ತಿಯೂ ಬಂದವು. ಚೋಮನಿಗೆ ಎತ್ತುಗಳುಂಟು, ಬೇಸಾಯಕ್ಕೆ ನೆಲವಿಲ್ಲ. ಅಸ್ಪೃಶ್ಯನಾದವನಿಗೆ ನೆಲವನ್ನು ಕೊಡುವವರಿಲ್ಲ. ಕ್ರೈಸ್ತನಾದರೆ ಸಾಗುವಳಿಗೆ ಭೂಮಿ ದೊರೆಯುವುದೆಂಬ ಆಶೆ ಅವನ ಮುಂದೆ ಬರುತ್ತದೆ. ಮಗ ಗುರುವನು ಆ ದಾರಿ ಹಿಡಿಯುತ್ತಾನೆ. ಚೋಮನು ಮಾತ್ರ ಹೊರಟವನು ಮನಸ್ಸೊಪ್ಪದೆ ತನ್ನ ದೈವದ ಕಡೆಗೆ ಹಿಂದಿರುಗುತ್ತಾನೆ. ಕಾಫಿತೋಟದಲ್ಲಿ ಅವನ ಮಗಳು ಬೆಳ್ಳಿಯನ್ನು ಮರುಳುಗೊಳಿಸುವ ಬರೆಹಗಾರ ಮನ್ವೇಲನು ಕ್ರೈಸ್ತನೇ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಮತಾಂತರದಿಂದ ಕುಲವನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಉದ್ಯೋಗವನ್ನೊದಗಿಸಿದುದು ಚರಿತ್ರೆಯಲ್ಲಿ ಸ್ಮರಣೀಯವೇ. ಆದರೆ ಹಸಿದವನ ಕಣ್ಣಿಗೆ ಸುವಾರ್ತೆಯು ಒಂದು ತುಂಡು ಗದ್ದೆಯ ಬೆಲೆಯಾಗಿ ಕಂಡಿತೆಂಬ ಮಾತನ್ನು ಈ ಚಿತ್ರ ಮುಚ್ಚಿಡುವುದಿಲ್ಲ.

ಇದೇ ಚಿತ್ರದಲ್ಲಿ ಚೋಮನ ಕಿರಿಯ ಮಗ ನೀಲನು ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನರಿದ್ದಾರೆ, ಮುಟ್ಟಿದರೆ ಮೈಲಿಗೆಯೆಂದು ಯಾರೂ ಕೈ ನೀಡುವುದಿಲ್ಲ. ಲೂಕನ ಸುವಾರ್ತೆಯಲ್ಲಿ ದಾರಿಯ ಬದಿಯಲ್ಲಿ ಬಿದ್ದ ಗಾಯಾಳುವಿನ ಸಾಮತಿಯನ್ನು ಓದಿದವರಿಗೆ ಈ ನೋಟ ಹೊಸದಾಗಿ ಕಾಣದು. ಅಲ್ಲಿ ಯಾಜಕನೂ ಲೇವಿಯನೂ ಕಣ್ಣಿಲ್ಲದವರಲ್ಲ. ಇಬ್ಬರೂ ನೋಡಿದರು, ನೋಡಿ ಆಚೆಯ ಮಗ್ಗುಲಿನಿಂದ ಹಾದುಹೋದರು. ಸಮಾರ್ಯದವನೂ ನೋಡಿದನು, ಅವನ ನೋಟ ಮಾತ್ರ ಕರುಣೆಯಾಗಿ ಕೈಗಿಳಿಯಿತು. ಚಿತ್ರಮಂದಿರದಲ್ಲಿ ಕುಳಿತ ಕ್ರೈಸ್ತನು ತನ್ನನ್ನು ಸಮಾರ್ಯದವನೆಂದೇ ಮೊದಲು ಎಣಿಸಿಕೊಳ್ಳುವನು. ಆದರೆ ಹುಟ್ಟಿದ ಜಾತಿಯ ಭೇದ ದೇವಾಲಯದ ಪೀಠಗಳ ಸಾಲಿನಲ್ಲಿಯೂ ಶ್ಮಶಾನದಲ್ಲಿಯೂ ಉಳಿದುಬಂದ ಊರುಗಳು ದಕ್ಷಿಣದೇಶದಲ್ಲಿ ಇದ್ದುವೆಂಬುದನ್ನು ಬಲ್ಲವನು ಆ ದಡದ ಮೇಲಣ ಗುಂಪಿನಲ್ಲಿ ತನ್ನವರನ್ನೂ ಕಾಣಬೇಕಾಗುತ್ತದೆ. ಶಿಲುಬೆಯ ಹಾದಿಯ ಅಭ್ಯಾಸ ಇಲ್ಲಿಯೇ ಫಲಿಸಬೇಕಾದುದು.

ಇನ್ನು ನಮ್ಮ ಸೀಮೆಯ ಕಥೆಗೆ ಬರೋಣ. ಸಾಗರದ ನಾ. ಡಿಸೋಜಾ ಅವರು (೧೯೩೭-೨೦೨೫) ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಪ್ರದೇಶದಲ್ಲಿ ದುಡಿದವರು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು ಕಣಿವೆಯ ಹಳ್ಳಿಗಳು ನೀರಿನಡಿಗೆ ಸೇರಿದುದನ್ನು ಹತ್ತಿರದಿಂದ ಬಲ್ಲವರು. ‘ಮುಳುಗಡೆ’, ‘ಒಡ್ಡು’, ‘ದ್ವೀಪ’ ಎಂಬ ಕಾದಂಬರಿಗಳು ಆ ಅನುಭವದಿಂದ ಬಂದವು. ೨೦೧೪ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ‘ದ್ವೀಪ’ವನ್ನು ಇದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿಯವರು ಚಿತ್ರವಾಗಿಸಿದರು, ೨೦೦೧ನೆಯ ಸಾಲಿನ ಸ್ವರ್ಣಕಮಲ ಅದಕ್ಕೆ ಸಂದಿತು. ಕ್ರೈಸ್ತ ಲೇಖಕರು ಬರೆದ ಈ ಕಥೆಯಲ್ಲಿ ಇಗರ್ಜಿಯಿಲ್ಲ, ಶಿಲುಬೆಯಿಲ್ಲ. ಸೀತಾಪರ್ವತವೆಂಬ ಪುಣ್ಯಸ್ಥಳದ ಪೂಜೆಯಿಂದ ಜೀವಿಸುವ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ, ಇವರ ಸುತ್ತ ಏರುತ್ತಿರುವ ನೀರು, ಇಷ್ಟೇ. ಊರವರು ಪರಿಹಾರವನ್ನು ಹಿಡಿದು ಹೊರಡುತ್ತಾರೆ. ದೇವರನ್ನು ನಂಬಿದ ಮನೆ ಮಾತ್ರ ಉಳಿಯುತ್ತದೆ. ದುಗ್ಗಜ್ಜನಾಗಿ ಅಭಿನಯಿಸಿದವರು, ಹಿಂದೆ ಚೋಮನಾಗಿದ್ದ ವಾಸುದೇವರಾಯರೇ.

ಕಾಸರವಳ್ಳಿಯವರು ನಾಗಿಯನ್ನು ಕಥೆಯ ನಡುವಿಗೆ ತಂದರು. ಆ ಪಾತ್ರವನ್ನು ನಟಿ ಸೌಂದರ್ಯ ನಿರ್ವಹಿಸಿದರು. ಮಳೆ, ನೀರು, ಕಾಡು ಮೂರೂ ಸುತ್ತುಗಟ್ಟಿದಾಗ ಮನೆಯನ್ನು ಉಳಿಸಿದುದು ಅವಳ ಎಚ್ಚರ ಮತ್ತು ದುಡಿಮೆ. ಅಪಾಯ ತೊಲಗಿದ ಮೇಲೆ ಗಣಪನಾದರೋ ಅದೆಲ್ಲವನ್ನೂ ದೈವದ ಕೃಪೆಯೆಂದು ಎಣಿಸುತ್ತಾನೆ. ಹೆಂಡತಿಯ ಕೈಗಳು ಅವನ ಕಣ್ಣಿಗೆ ಬೀಳುವುದಿಲ್ಲ. ಇದನ್ನು ಅನ್ಯಮತದವರ ಮೂಢಭಕ್ತಿಯೆಂದು ಕ್ರೈಸ್ತನು ತಳ್ಳಿಹಾಕಿದರೆ ಚಿತ್ರವನ್ನು ನೋಡಿದಂತಾಗಲಿಲ್ಲ. ದುಗ್ಗಜ್ಜನ ಭಕ್ತಿಯನ್ನು ಕ್ರೈಸ್ತಭಕ್ತಿಯ ರೂಪಕವೆಂದು ತಿದ್ದಿಕೊಂಡರೂ ನೋಡಿದಂತಾಗಲಿಲ್ಲ. ಅವನ ದೇವರು ಅವನ ದೇವರೇ. ಆದರೆ ಗಣಪನ ಕೃತಜ್ಞತೆಯ ರೀತಿ ನಮ್ಮ ಮನೆಗಳಲ್ಲಿಯೂ ಇಲ್ಲವೆ? ಸುಗ್ಗಿಯ ಹೊಸ ತೆನೆಯನ್ನು ಪೀಠದ ಮುಂದಿಟ್ಟು ವಂದಿಸುವವರು ನಾಟಿ ಮಾಡಿದವಳನ್ನು ಮರೆಯುವುದು, ರೋಗಿ ಬದುಕಿದುದಕ್ಕೆ ಪೂಜೆಯನ್ನರ್ಪಿಸುವವರು ರಾತ್ರಿಯೆಲ್ಲ ಕುಳಿತವಳ ಹೆಸರನ್ನೆತ್ತದಿರುವುದು, ಇವೂ ಅದೇ ಜಾತಿಯ ಮರೆವು. ದೇವರಿಗೆ ಸಲ್ಲಿಸುವ ವಂದನೆ ನೆರೆಯವರ ದುಡಿಮೆಯನ್ನು ಅಳಿಸುವುದಾದರೆ, ದೇವಪ್ರೀತಿಯನ್ನೂ ಪರಪ್ರೀತಿಯನ್ನೂ ಒಟ್ಟಿಗೆ ವಿಧಿಸಿದವನ ಬೋಧೆಗೆ ಅದು ವಿರುದ್ಧವೆಂದೇ ಹೇಳಬೇಕು.

ಇದರಲ್ಲಿ ಇನ್ನೊಂದು ಅಂಶವೂ ಇದೆ. ಶರಾವತಿಯ ವಿದ್ಯುತ್ತು ನಾಡಿನ ಊರೂರುಗಳಿಗೆ ಬೆಳಕನ್ನಿತ್ತಿತು. ಚಿತ್ರಮಂದಿರಗಳ ಯಂತ್ರಗಳೂ ಅದರಿಂದ ನಡೆದುವು. ಎಂದರೆ ಮುಳುಗಡೆಯ ಕಥೆಯನ್ನು ಪಟದ ಮೇಲೆ ಹಾಯಿಸುವ ಬೆಳಕಿಗೂ ಮುಳುಗಡೆಗೂ ಋಣಸಂಬಂಧವಿದೆ. ಗಾಜನೂರಿನ ಕಟ್ಟೆಯಿಂದ ಹರಿದ ನೀರಿನಲ್ಲಿ ಬೆಳೆದ ಅನ್ನವನ್ನುಣ್ಣುವವರೂ, ಶರಾವತಿಯ ದೀಪದಡಿಯಲ್ಲಿ ಓದಿದವರೂ ‘ದ್ವೀಪ’ದ ಮುಂದೆ ಕೇವಲ ಪ್ರೇಕ್ಷಕರಾಗಿರಲಾರರು. ಅಣೆಕಟ್ಟೇ ಪಾಪವೆಂದು ಈ ಮಾತಿನ ಅರ್ಥವಲ್ಲ. ಪಡೆದುದಕ್ಕೆ ಬೆಲೆ ತೆತ್ತವರು ಬೇರೆ ಇದ್ದಾರೆಂಬ ಅರಿವು ಪ್ರಾರ್ಥನೆಯೊಳಗೆ ಸೇರಬೇಕೆಂಬುದಷ್ಟೆ.

ಹೀಗೆ ಮೂರು ಪ್ರಶ್ನೆಗಳಾದುವು: ನೋಡಬಹುದೆ, ನಮ್ಮನ್ನು ಹೇಗೆ ತೋರಿಸಿದ್ದಾರೆ, ಮತ್ತು ಇದು ನಮ್ಮನ್ನು ಏನು ಕೇಳುತ್ತದೆ. ಮೊದಲನೆಯದು ಶೀಲವನ್ನು ಕಾಯುತ್ತದೆ, ಎರಡನೆಯದು ಮಾನವನ್ನು. ಎರಡೂ ಬೇಕಾದುವೇ, ಆದರೆ ಅವುಗಳನ್ನು ಯಾವ ಮತದವನಾದರೂ ಕೇಳಬಹುದು. ಪಾಪನಿವೇದನೆಗೆ ಮುಂಚೆ ಆತ್ಮಶೋಧನೆ ಮಾಡಿಕೊಳ್ಳಬೇಕೆಂದು ಕಲಿತವನಿಗೆ ಮೂರನೆಯ ಪ್ರಶ್ನೆಯೇ ಸ್ವಂತದ್ದು. ಮಲೆನಾಡಿನ ಕ್ರೈಸ್ತರೊಬ್ಬರು ಶಿಲುಬೆಯ ಹೆಸರೆತ್ತದೆಯೇ ಬರೆದ ಕಥೆಯನ್ನು ಮಲೆನಾಡಿನ ಬೇರೊಬ್ಬರು ಚಿತ್ರವಾಗಿಸಿ ನಮ್ಮ ಮುಂದಿಟ್ಟಿದ್ದಾರೆ. ಧರ್ಮಕೇಂದ್ರಗಳ ಸಭಾಂಗಣಗಳಲ್ಲಿ ಹಬ್ಬಕ್ಕೊಮ್ಮೆ ಯೇಸುಚರಿತ್ರೆಯ ಚಿತ್ರವನ್ನು ತೋರಿಸುವುದರ ಜೊತೆಗೆ ಇಂತಹುದನ್ನೂ ತೋರಿಸಿ, ದೀಪ ಹತ್ತಿಸಿದ ಮೇಲೆ ಅರ್ಧಗಂಟೆ ಕುಳಿತು ಮಾತನಾಡಿದರೆ, ನಾಗಿಯ ಹೆಸರು ಆ ಮಾತಿನಲ್ಲಿ ಬಂದೇ ಬರುವುದು. ಆಕೆಯೊಡನೆ ಕೇಳಿದವರ ಮನೆಯ ನಾಗಿಯರ ಹೆಸರೂ ಬರಬಹುದು.